ಕಾಲರ್ ಹದಿನಾಲ್ಕು

ಸಿರುಗುಪ್ಪ
12 ಜುಲೈ 2023

ರಾಘವೇಂದ್ರ ಸರ್ ಅವರಿಗೆ,

ನಮಸ್ಕಾರ. ನಾನು ಶಬಾನಾ. ಕುರುಗೋಡಿನ ಟೇಲರ್ ಶೇಕ್ಷಾವಲಿಯವರ ಮಗಳು, ನಿಮ್ಮ ಹಳೆಯ ವಿದ್ಯಾರ್ಥಿನಿ, ಈಗ ಸಿರುಗುಪ್ಪದ ಹೈಸ್ಕೂಲಿನಲ್ಲಿ ಭೂಗೋಳ ಹೇಳುವವಳು. ಹತ್ತು ದಿನದಲ್ಲಿ ಏಳು ಸಲ ಫೋನು ಮಾಡಿದ್ದೇನೆ. ನೀವು ಒಮ್ಮೆಯೂ ಎತ್ತಲಿಲ್ಲ. ಅದಕ್ಕೇ ರಿಜಿಸ್ಟರ್ ಪೋಸ್ಟು. ಇದನ್ನಾದರೂ ಸಹಿ ಹಾಕಿ ತೆಗೆದುಕೊಳ್ಳಲೇಬೇಕು.

ಎಂಟನೆಯ ತರಗತಿಯಲ್ಲಿ ನೀವು ಮಳೆನೆರಳಿನ ಪಾಠ ಮಾಡಿದ್ದು ನೆನಪಿದೆಯೇ? ನಡುವೆ ಮೇಜು ಇಟ್ಟು ಇದು ಸಹ್ಯಾದ್ರಿ ಅಂದಿರಿ. ನೀರಲ್ಲಿ ಅದ್ದಿದ ಟವೆಲ್ಲನ್ನು ನನ್ನ ಕೈಗೆ ಕೊಟ್ಟು, ನೀನು ಅರಬ್ಬೀ ಸಮುದ್ರದ ಗಾಳಿ, ಹತ್ತು ಅಂದಿರಿ. ಹತ್ತುವಾಗ ಹಿಂಡುತ್ತ ಹೋಗಬೇಕು. ಮೇಲೇರಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದದ್ದು ನೀರು ಹೊರಲಾರದೆ ಅಲ್ಲೇ ಇಳಿಸಿಬಿಡುತ್ತದೆ. ನಾನು ಆಚೆ ಬದಿಗೆ ಇಳಿಯುವ ಹೊತ್ತಿಗೆ ಟವೆಲ್ಲಿನಲ್ಲಿ ಏನೂ ಉಳಿದಿರಲಿಲ್ಲ. ಅಲ್ಲಿ ನನ್ನ ಗೆಳತಿ ಸುಪ್ರಜಾಳನ್ನು ಬಳ್ಳಾರಿ ಎಂದು ಕೂರಿಸಿದ್ದಿರಿ. ಅವಳು ಬಾಯಿ ತೆರೆದು ಕಾಯ್ದು ಕಾಯ್ದು, "ಸರ್, ನನಗ ಒಂದ್ ಹನೀನೂ ಬರ್ಲಿಲ್ರಿ" ಅಂದಳು. "ಇದ ನೋಡ್ರಿ ಮಳೆನೆರಳು. ಜಗತ್ತಿನ ಎಷ್ಟೋ ಮರುಭೂಮಿ ಹಿಂಗ ಆಗ್ಯಾವ" ಅಂದಿರಿ. ಎಲ್ಲರೂ ನಕ್ಕೆವು.

ಜುಲೈ ಎರಡರಂದು ಬಳ್ಳಾರಿಯಲ್ಲಿ ನಿಮ್ಮ 'ಕುರುಗೋಡಿನ ಮಳೆನೆರಳು' ಬಿಡುಗಡೆಯಾದಾಗ ಆ ಪಾಠ ನನಗೆ ಎರಡನೆಯ ಸಲ ಅರ್ಥವಾಯಿತು. ಹದಿನಾಲ್ಕು ವರ್ಷ, ದಿನಾ ಬೆಳಿಗ್ಗೆ ಎಂಟೂವರೆಗೆ, ಗುಡ್ಡದ ಮೂಡಲ ಮಗ್ಗುಲಿನ ನಮ್ಮ ಅಂಗಳದಲ್ಲಿ ಮಳೆ ಅಳೆದವರು ನನ್ನ ಅಪ್ಪ. ನಿಮ್ಮ ಪುಸ್ತಕದಲ್ಲಿ ಕುರುಗೋಡಿನದೆಂದು ಇರುವ ಒಂದೊಂದು ಅಂಕಿಯೂ ಅವರ ವಹಿಯದು. ಅವರು ಆ ದಿನಕ್ಕೆಂದು ಹೊಸ ಬಿಳಿ ಅಂಗಿ ಹೊಲಿದುಕೊಂಡಿದ್ದರು. ಊರಿಗೆಲ್ಲ ಹೊಲಿಯುವ ಮನುಷ್ಯ ತನಗೆಂದು ಹೊಸದು ಹೊಲಿದದ್ದನ್ನು ನಾನು ಕಂಡದ್ದು ಎರಡೇ ಸಲ. ವೇದಿಕೆಗೆ ಕರೆಯುತ್ತಾರೆಂದು ಮೊದಲ ಸಾಲಿನ ತುದಿಯಲ್ಲಿ ಕುಳಿತಿದ್ದರು. ನೀವು ಕರೆದಿರಿ. "ಶೇಕ್ಷಾವಲಿ, ಅತಿಥಿಗಳಿಗೆ ನೀರು ಕೊಡಪಾ" ಅಂದಿರಿ.

ಅವರು ಎದ್ದು ಬಾಟಲಿಗಳನ್ನು ಹಂಚಿದರು. ಪುಸ್ತಕವನ್ನು ಮನೆಗೆ ತಂದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ಹುಡುಕಿದರು. ಅವರ ಹೆಸರು ಎಲ್ಲಿಯೂ ಇಲ್ಲ. ಅಂಗಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು.

ನನಗೆ ಬೇಕಾದದ್ದು ಒಂದೇ. ಪುಸ್ತಕದಲ್ಲಿ ಅಪ್ಪನ ಹೆಸರು, ನಿಮ್ಮ ಹೆಸರಿನ ಪಕ್ಕದಲ್ಲಿ.

ಇಂತಿ,
ಶಬಾನಾ


ಶ್ರೀ
ಸತ್ಯನಾರಾಯಣಪೇಟೆ, ಬಳ್ಳಾರಿ
26 ಜುಲೈ 2023

ಚಿ. ಶಬಾನಾಳಿಗೆ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಭಾಷೆ ಚೆನ್ನಾಗಿದೆ, ಸಿಟ್ಟು ಹಾಗೇ ಇದೆ. ಮಳೆನೆರಳಿನಲ್ಲಿರುವ ಸಿರುಗುಪ್ಪದಲ್ಲಿ ಭತ್ತ ಹೇಗೆ ಬೆಳೆಯುತ್ತಾರೆಂದು ತರಗತಿಯಲ್ಲಿ ನನ್ನನ್ನು ಅಡ್ಡಗಟ್ಟಿ ಕೇಳಿದ್ದೆಯಲ್ಲ, ನದಿ, ಕಾಲುವೆ ಎಂದು ಉತ್ತರ ಹೇಳುವ ಮೊದಲೇ ಮತ್ತೆ ಬಾಯಿ ಹಾಕಿದ್ದೆ. 'ನಾನು ಗುರುಗಳಿಗೆ ಎದುರು ಮಾತಾಡುವುದಿಲ್ಲ' ಎಂದು ಇನ್ನೂರು ಸಲ ಬರೆಸಿದ್ದೆ. ಇನ್ನೂರು ಸಾಲದಾಯಿತು ಅಂತ ಕಾಣುತ್ತದೆ.

ನೋಡಮ್ಮ, ಅಳೆಯುವವನು ಬೇರೆ, ಅರ್ಥ ಮಾಡಿಕೊಳ್ಳುವವನು ಬೇರೆ. ಜ್ವರ ನೋಡುವ ಥರ್ಮಾಮೀಟರಿನ ಹೆಸರನ್ನು ಡಾಕ್ಟರು ಚೀಟಿಯಲ್ಲಿ ಬರೆಯುತ್ತಾರೆಯೇ? ಶೇಕ್ಷಾವಲಿ ಒಳ್ಳೆಯ ಮನುಷ್ಯ. 'ಸ್ಥಳೀಯ ಮಿತ್ರರಿಗೆ ಕೃತಜ್ಞತೆ' ಎಂದು ನಾನು ಹಾಕಿದ್ದೇನೆ. ಅದರಲ್ಲಿ ಅವನೂ ಬಂದ.

ಕುರುಗೋಡಿನ ಗುಡ್ಡದ ಹಿಂದೆ ಒಂದು ಪುಟ್ಟ ಮರುಭೂಮಿ ಹುಟ್ಟುತ್ತಿದೆ ಎಂಬ ನನ್ನ ಮಾತಿಗೆ ಎಲ್ಲ ಕಡೆಯಿಂದ ಮೆಚ್ಚುಗೆ ಬರುತ್ತಿದೆ. ಅಕ್ಟೋಬರ್ ಹದಿನೈದಕ್ಕೆ ಜಿಲ್ಲೆಯ ಭೂಗೋಳ ಶಿಕ್ಷಕರ ಸಮಾವೇಶದಲ್ಲಿ ನನಗೆ ಸನ್ಮಾನ. ನಿಮ್ಮ ಅಂಗಳದ ಆ ಮಳೆಮಾಪಕವನ್ನೂ ವೇದಿಕೆಯಲ್ಲಿ ಇಡುತ್ತಾರಂತೆ. ಎರಡನೆಯ ಮುದ್ರಣಕ್ಕೆ 2009ರ ಮೊದಲ ವಹಿ ಬೇಕು. ನನ್ನಲ್ಲಿರುವ ಜೆರಾಕ್ಸು ಮಸುಕಾಗಿದೆ. ಹುಡುಕಿ ಕಳಿಸು.

ಇಂತಿ ಆಶೀರ್ವಾದಗಳೊಂದಿಗೆ,
ರಾಘವೇಂದ್ರ


ಸಿರುಗುಪ್ಪ
20 ಆಗಸ್ಟ್ 2023

ಪೂಜ್ಯ ಸರ್ ಅವರಿಗೆ,

ನಮಸ್ಕಾರಗಳು. ಹಿಂದಿನ ಪತ್ರದಲ್ಲಿ ಸಿಟ್ಟಿನಲ್ಲಿ ಹೆಚ್ಚು ಕಡಿಮೆ ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ಹೇಳಿದ್ದು ಸರಿ. ಅಳೆಯುವವರು ಬೇರೆ.

ಮೊದಲ ವಹಿ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ಗುಂಡಿ ಡಬ್ಬದ ಕೆಳಗೆ ಸಿಕ್ಕಿತು. ಕಳಿಸುವ ಮೊದಲು ಒಂದು ಸಣ್ಣ ವಿಷಯ ಸ್ಪಷ್ಟವಾದರೆ ಒಳ್ಳೆಯದು. ಮಳೆಮಾಪಕ ಮತ್ತು ಅಳತೆ ಗಾಜು, ಎರಡನ್ನೂ ಆರಿಸಿ ತಂದವರು ನೀವೇ ಅಲ್ಲವೇ? ಗಾಜು ಎಂದಾದರೂ ಬದಲಾಗಿತ್ತೇ? ನಾಳೆ ಅಪ್ಪನೋ, ಮತ್ತೊಬ್ಬರೋ ಅದರಲ್ಲಿ ತಮ್ಮದೂ ಪಾಲಿತ್ತು ಎನ್ನಬಾರದಲ್ಲ. ನಿಮ್ಮ ಕೈಯಾರೆ ಎರಡು ಸಾಲು ಬರೆದು ಸಹಿ ಹಾಕಿದರೆ ಸಾಕು.

ನಿಮ್ಮ ವಿಧೇಯ ವಿದ್ಯಾರ್ಥಿನಿ,
ಶಬಾನಾ


ಶ್ರೀ
ಬಳ್ಳಾರಿ
31 ಆಗಸ್ಟ್ 2023

ಚಿ. ಶಬಾನಾಳಿಗೆ ಆಶೀರ್ವಾದ.

ಈಗ ನನ್ನ ವಿದ್ಯಾರ್ಥಿನಿಯ ಹಾಗೆ ಬರೆದಿದ್ದೀ. ಸಂತೋಷವಾಯಿತು.

ಎರಡನ್ನೂ ತಂದವನು ನಾನೇ, ನಾನೊಬ್ಬನೇ. ಮಾಪಕ ಮುಚ್ಚಿಹೋದ ಒಂದು ಶಾಲೆಯ ಪ್ರಯೋಗಶಾಲೆಯದು. ಅದರ ಗಾಜು ಒಡೆದಿತ್ತು. ಹೊಸ ಗಾಜನ್ನು ನಾನೇ ಅಂಗಡಿಯಲ್ಲಿ ನಿಂತು ಆರಿಸಿ, ಕುರುಗೋಡು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಅದರ ಮೇಲೆ '200 ಚ. ಸೆಂ.ಮೀ. ಮಾಪಕಕ್ಕೆ' ಎಂದು ಕೊರೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಇಂದಿನವರೆಗೆ ಅದೇ ಗಾಜು. ಬೇರೆ ಯಾರೂ ಅದನ್ನು ಬದಲಿಸಿಲ್ಲ. ಸಲಕರಣೆಯ ವಿಷಯದಲ್ಲಿ ಶೇಕ್ಷಾವಲಿಗೆ ಯಾವ ಪಾತ್ರವೂ ಇಲ್ಲ. ಕೆಳಗೆ ಸಹಿ ಹಾಕಿದ್ದೇನೆ, ಬೇಕಾದವರಿಗೆ ತೋರಿಸು.

ಆಶೀರ್ವಾದಗಳೊಂದಿಗೆ,
ರಾಘವೇಂದ್ರ


ಸಿರುಗುಪ್ಪ
10 ಸೆಪ್ಟೆಂಬರ್ 2023

ರಾಘವೇಂದ್ರ ಸರ್,

ಬೇಕಾದವರಿಗೆ ತೋರಿಸುತ್ತೇನೆ. ಅದಕ್ಕೆಂದೇ ಬರೆಸಿಕೊಂಡದ್ದು.

ಟೇಲರುಗಳಿಗೆ ಒಂದು ರೂಢಿ ಇರುತ್ತದೆ. ಮನೆಗೆ ಹೊಸದಾಗಿ ಏನು ಬಂದರೂ ಕೈ ತಾನಾಗಿ ಟೇಪಿಗೆ ಹೋಗುತ್ತದೆ. ನಾನು ಹುಟ್ಟಿದಾಗ ನನ್ನ ಎದೆ, ತೋಳು, ಉದ್ದ ಬರೆದಿಟ್ಟ ಮನುಷ್ಯ ನನ್ನ ಅಪ್ಪ. ನೀವು ಮಾಪಕ ತಂದ ದಿನ ಮೊದಲ ವಹಿಯ ಮೊದಲ ಪುಟದಲ್ಲಿ ಅವರು ಬರೆದದ್ದು ಹೀಗಿದೆ: 'ಮಳಿ ಡಬ್ಬಿ. ಕಾಲರ್ 14.'

ಅದನ್ನು ಓದಿ ಮೊದಲು ನಕ್ಕೆ. ಆಮೇಲೆ ಲೆಕ್ಕ ಹಾಕಿದೆ. ಬಾಯಿಯ ಸುತ್ತಳತೆ ಹದಿನಾಲ್ಕು ಇಂಚು ಎಂದರೆ ಮಾಪಕದ ಬಾಯಿ ನೂರು ಚದರ ಸೆಂಟಿಮೀಟರು. ಇನ್ನೂರರ ಮಾಪಕವಾಗಿದ್ದರೆ ಕಾಲರ್ ಹತ್ತಿರ ಹತ್ತಿರ ಇಪ್ಪತ್ತು ಬರಬೇಕಿತ್ತು. ಸಣ್ಣ ಬಾಯಿಯ ಡಬ್ಬಿಗೆ ನೀವು ದೊಡ್ಡ ಬಾಯಿಯ ಡಬ್ಬಿಯ ಗಾಜು ತಂದು ಕೊಟ್ಟಿರಿ. ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಆ ಗಾಜು ಐದು ಎನ್ನುತ್ತದೆ. ಹದಿನಾಲ್ಕು ವರ್ಷ ಐದು ಎಂದೇ ಹೇಳಿತು.

ನಿಮ್ಮ ಪುಸ್ತಕದಲ್ಲಿ ಕುರುಗೋಡಿಗೆ ವರ್ಷಕ್ಕೆ ಇನ್ನೂರ ಎಂಬತ್ತು ಮಿಲಿಮೀಟರು, ಸಿರುಗುಪ್ಪಕ್ಕೆ ಐನೂರ ಅರವತ್ತು. ಅರ್ಧಕ್ಕೆ ಸರಿಯಾಗಿ ಅರ್ಧ. ಅದನ್ನು ಕಂಡು ನಿಮಗೆ ಅನುಮಾನ ಬರಲಿಲ್ಲ, ಆನಂದ ಬಂತು. ಸಹ್ಯಾದ್ರಿ ನಮ್ಮ ಇಡೀ ಸೀಮೆಯ ಮಳೆ ತಿಂದಿರುವುದು ನಿಜ. ಅದು ಸಮುದ್ರದ ಗಾಳಿಗೆ ಅಡ್ಡ ನಿಂತ ಗೋಡೆ. ಕುರುಗೋಡಿನದು ಕಲ್ಲುಗುಂಡಿನ ಗುಡ್ಡ. ಗಾಳಿ ಅದರ ಪಕ್ಕದಿಂದ ಹಾದು ಹೋಗುತ್ತದೆ. ಇದನ್ನು ನನಗೆ ಕಲಿಸಿದವರು ನೀವೇ.

ಇನ್ನೂ ಇದೆ. ವಹಿಯ ಷರಾ ಕಾಲಂಗಳನ್ನು ಕತ್ತರಿಸಿ ಜೆರಾಕ್ಸು ಮಾಡಿಸಿಕೊಂಡಿರಿ. ಅಲ್ಲಿ, 2011ರ ಆಗಸ್ಟಿನಲ್ಲಿ, ಅಪ್ಪ ಬರೆದಿದ್ದಾರೆ: 'ಬಾಜೂಕ ಜಡೆಪ್ಪನ ಬಕೀಟು ನೋಡಿದ್ರ ಮಳಿ ಜಾಸ್ತಿ ಐತಿ. ಗಾಜಿನಾಗ ಬರವಲ್ದು. ಸರ್‌ನ ಕೇಳಿದೆ. ಗಾಜು ಹೇಳಿದ್ದು ಬರಿ, ನಿಂದೇನು ನಡುವ ಅಂದ್ರು.'

ಅಪ್ಪನ ಅಂಕಿಗಳನ್ನು ಎರಡರಿಂದ ಗುಣಿಸಿದರೆ ಎಲ್ಲವೂ ಸರಿಯಾಗುತ್ತವೆ. ನಿಮ್ಮ ಪುಸ್ತಕವನ್ನು ಯಾವುದರಿಂದ ಗುಣಿಸಿದರೂ ಸರಿಯಾಗುವುದಿಲ್ಲ.

ಅಕ್ಟೋಬರ್ ಹದಿನೈದಕ್ಕೆ ನಾನೂ ಬರುತ್ತೇನೆ. ಅಪ್ಪನ ಟೇಪು ತರುತ್ತೇನೆ. ನಿಮ್ಮ ಕೊರಳಿಗೆ ಹಾರ ಬಿದ್ದ ಮೇಲೆ ಮಾಪಕದ ಕೊರಳಿಗೆ ಟೇಪು ಹಾಕುತ್ತೇನೆ. ಈ ಒಂದು ದಿನಕ್ಕಾಗಿ ನನ್ನ ಹೊಟ್ಟೆ ಎಷ್ಟು ಉರಿದಿದೆ ಎಂದು ಬರೆಯಲು ನಾಚಿಕೆ ಏನೂ ಇಲ್ಲ.

ಶಬಾನಾ


ಬಳ್ಳಾರಿ
18 ಸೆಪ್ಟೆಂಬರ್ 2023

ಶಬಾನಾಳಿಗೆ,

ನಾಲ್ಕು ದಿನ ಊಟ ಸೇರಲಿಲ್ಲ. ಲೆಕ್ಕ ಹಾಕಿ ನೋಡಿದೆ. ನೀನು ಹೇಳಿದ್ದು ಸರಿ.

ನನಗೆ ಅರವತ್ತೊಂಬತ್ತು. ಇಷ್ಟು ವರ್ಷಕ್ಕೆ ಒಂದು ಹೆಸರು ಬಂದಿದೆ. ಒಂದು ದಾರಿ ಇದೆ, ಸಿಟ್ಟಾಗದೆ ಕೇಳು. ಮೊದಲು ತಂದದ್ದು ಸರಿಯಾದ ಗಾಜೇ, ಅದು ಕೈಜಾರಿ ಒಡೆಯಿತು, ಇನ್ನೊಂದನ್ನು ತಾನೇ ತಂದು ಇಟ್ಟೆ ಎಂದು ಶೇಕ್ಷಾವಲಿ ಒಂದು ಮಾತು ಹೇಳಿದರೆ ಸಾಕು. ಟೇಲರನನ್ನು ಯಾರೂ ದೂರುವುದಿಲ್ಲ, ಅವನಿಗೆ ಏನು ಗೊತ್ತಿರುತ್ತದೆ ಎಂದು ಬಿಟ್ಟುಬಿಡುತ್ತಾರೆ. ಮುಂದಿನ ಮುದ್ರಣದಲ್ಲಿ ಅವನ ಹೆಸರು, ಬೇಕಾದರೆ ಫೋಟೊ, ಎರಡೂ ಹಾಕುತ್ತೇನೆ. ನನ್ನ ಹಿಂದಿನ ಪತ್ರವನ್ನು ಹರಿದುಹಾಕು.

ರಾಘವೇಂದ್ರ


ಸಿರುಗುಪ್ಪ
25 ಸೆಪ್ಟೆಂಬರ್ 2023

ರಾಘವೇಂದ್ರ ಸರ್,

ನಿಮ್ಮ ಪತ್ರವನ್ನು ಹರಿಯಲಿಲ್ಲ. ಅದನ್ನೂ ಈಗ ಬಂದದ್ದನ್ನೂ ಜೆರಾಕ್ಸು ಮಾಡಿಸಿ ಇಟ್ಟಿದ್ದೇನೆ.

ಭಾನುವಾರ ಕುರುಗೋಡಿಗೆ ಹೋಗಿ ಅಪ್ಪನಿಗೆ ನಿಮ್ಮ ಮಾತನ್ನು ಓದಿ ಹೇಳಿದೆ. ಅವರು ಗುಂಡಿಯ ಕಾಜಾ ಹೊಲಿಯುತ್ತಿದ್ದರು. ಸೂಜಿ ನಿಲ್ಲಿಸಿದರು.

"ಮಾಸ್ತರ್ರು ಹಂಗ ಬರದಾರೇನು?"

"ಹೂಂ. ಗಾಜು ನೀ ಒಡದಿ ಅಂತ ಹೇಳಬೇಕಂತ."

"ನಾ ಒಡದಿಲ್ಲಲ್ಲವಾ. ಹದ್ನಾಕು ವರ್ಸ ಎಳೀ ಕೂಸಿನಂಗ ಹಿಡದೀನಿ ಅದನ್ನ." ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ನಾ ಸುಳ್ಳು ಹೇಳಾಕ ಒಲ್ಲೆ. ಅವರನ್ನೂ ಏನೂ ಅನಬ್ಯಾಡ. ಓದಿಸಿದವರು" ಅಂದರು.

ಅವರು ಅನ್ನುವುದಿಲ್ಲ. ನಾನು ಅನ್ನುತ್ತೇನೆ. ಮೊದಲು ನನಗೆ ಒಂದು ಹೆಸರು ಸಾಕಿತ್ತು. ಈಗ ಸಾಲುವುದಿಲ್ಲ. ನೀರು ಹಂಚಿಸಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ನಿಮ್ಮ ತಪ್ಪನ್ನು ಅವರ ತಲೆಗೆ ಕಟ್ಟಲು ನೋಡಿದಿರಲ್ಲ, ಇದಕ್ಕೆ ಬಂದದ್ದನ್ನು ಸಿಟ್ಟು ಎಂದರೆ ಸಣ್ಣ ಮಾತು.

ಅಕ್ಟೋಬರ್ ಹದಿನೈದಕ್ಕೆ ಸನ್ಮಾನ ಬೇಡ ಎಂದು ನೀವೇ ಹೇಳಬೇಕು. ಏಕೆ ಎಂದೂ ಹೇಳಬೇಕು. ಅಳತೆಯನ್ನು ಅಪ್ಪ ತೋರಿಸಬೇಕು, ವೇದಿಕೆಯ ಮೇಲೆ.

ಆಮೇಲೆ ಇಂಪೊಸಿಷನ್. ನೀವು ನನಗೆ ಕೊಟ್ಟದ್ದು ಇನ್ನೂರು ಸಲ. ನಾನು ಇನ್ನೂ ಸ್ವಲ್ಪ ಹೆಚ್ಚು ಕೊಡುತ್ತೇನೆ. 2009ರ ಜೂನ್ ಒಂದರಿಂದ 2023ರ ಮೇ ಮೂವತ್ತೊಂದರವರೆಗೆ, ಹದಿನಾಲ್ಕು ವರ್ಷದ ವಹಿಗಳನ್ನು ನಿಮ್ಮ ಕೈಯಿಂದ ನಕಲು ಮಾಡಬೇಕು. ಒಂದೊಂದು ದಿನಕ್ಕೆ ಒಂದೊಂದು ಸಾಲು. ಗಾಜು ಹೇಳಿದ್ದು ಒಂದು ಕಡೆ, ಎರಡರಿಂದ ಗುಣಿಸಿದ್ದು ಇನ್ನೊಂದು ಕಡೆ. ಈ ಸಲ ಷರಾ ಸಮೇತ. ಪ್ರತಿ ಪುಟದ ನೆತ್ತಿಯ ಮೇಲೆ 'ಅಳೆದವರು: ಶೇಕ್ಷಾವಲಿ' ಎಂದು ಇರಬೇಕು. ಟೈಪು ನಡೆಯದು, ಬೇರೆಯವರ ಅಕ್ಷರ ನಡೆಯದು. ನಿಮ್ಮ ಅಕ್ಷರ ನನಗೆ ಗೊತ್ತು. ಪೂರ್ತಿ ಜೆರಾಕ್ಸು ಪಾರ್ಸೆಲ್ ಮಾಡಿದ್ದೇನೆ.

ಒಪ್ಪದಿದ್ದರೆ ನಿಮ್ಮ ಎರಡೂ ಪತ್ರಗಳು ಜಿಲ್ಲೆಯ ಎಲ್ಲ ಹೈಸ್ಕೂಲಿಗೂ ಹೋಗುತ್ತವೆ.

ಶಬಾನಾ


ಶ್ರೀ
ಬಳ್ಳಾರಿ
8 ಡಿಸೆಂಬರ್ 2023

ಶಬಾನಾಳಿಗೆ,

ಸಮಾವೇಶದಲ್ಲಿ ನೀನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ನಾನು ಮಾತಾಡುವಾಗ ನಿನ್ನ ಕಣ್ಣು ನನ್ನನ್ನು ಬಿಟ್ಟು ಕದಲಲಿಲ್ಲ. ಶೇಕ್ಷಾವಲಿ ಮೇಲೆ ಬಂದು ಮಾಪಕದ ಬಾಯಿಗೆ ಟೇಪು ಸುತ್ತಿ "ಹದ್ನಾಕು" ಅಂದಾಗ ಸಭೆಯೆಲ್ಲ ನಕ್ಕಿತು. ನನ್ನ ಕೈಯಲ್ಲಿ ಓದಿದವರೇ ಹೆಚ್ಚು ನಕ್ಕರು. ನಗದವನು ಅವನೊಬ್ಬನೇ. ಟೇಪನ್ನು ಕೊರಳಿಗೆ ಹಾಕಿಕೊಂಡು ನನಗೆ ಕೈ ಮುಗಿದು ಇಳಿದ. ಅದು ನಗುವಿಗಿಂತ ಹೆಚ್ಚು ಚುಚ್ಚಿತು.

ಬರೆಯುತ್ತಿದ್ದೇನೆ. ನಾಲ್ಕು ವರ್ಷ ಮುಗಿದಿದೆ. ಒಂದು ಕೋರಿಕೆ. ನಮ್ಮ ಬಳ್ಳಾರಿ ಸೀಮೆಯ ಮಳೆ ನಿನಗೆ ಗೊತ್ತಲ್ಲ. ಸಾಲುಗಟ್ಟಲೆ ಸೊನ್ನೆ. ಜನವರಿ ಪೂರ್ತಿ ಸೊನ್ನೆ, ಫೆಬ್ರವರಿ ಪೂರ್ತಿ ಸೊನ್ನೆ. ಸೊನ್ನೆಯನ್ನು ಎರಡರಿಂದ ಗುಣಿಸಿದರೂ ಸೊನ್ನೆಯೇ. ಆ ದಿನಗಳು ಯಾವ ಗಾಜಿನಲ್ಲಿ ಅಳೆದರೂ ಸರಿ. ಅವನ್ನು ಬಿಟ್ಟು ಮಳೆ ಬಂದ ದಿನಗಳನ್ನು ಮಾತ್ರ ಬರೆದರೆ ಆಗದೇ? ಒಟ್ಟು ನಾಲ್ಕು ಸಾವಿರದ ನಾನೂರಕ್ಕೂ ಮೇಲೆ ಸೊನ್ನೆ ಇವೆ.

ರಾಘವೇಂದ್ರ


ಸಿರುಗುಪ್ಪ
14 ಡಿಸೆಂಬರ್ 2023

ಸರ್,

ಆಗುವುದಿಲ್ಲ.

ಸೊನ್ನೆಯನ್ನು ಅಪ್ಪ ಹಾಸಿಗೆಯಲ್ಲೇ ಮಲಗಿ ಬರೆಯಲಿಲ್ಲ. ಮಳೆ ಇಲ್ಲವೆಂದು ಮನೆಯ ಎಲ್ಲರಿಗೂ ಗೊತ್ತಿದ್ದ ದಿನವೂ ಎಂಟೂವರೆಗೆ ಅಂಗಳಕ್ಕೆ ಹೋಗಿ, ಡಬ್ಬಿ ಬಿಚ್ಚಿ, ಒಳಗೆ ನೋಡಿ, ಮುಚ್ಚಿ, ಬಂದು ಬರೆದಿದ್ದಾರೆ. ಮೇ ತಿಂಗಳಲ್ಲಿ ಅವ್ವ ರೇಗಿಸುತ್ತಿದ್ದಳು, "ಮುಗಲಾಗ ಮಾಡ ಇಲ್ಲ, ಅಲ್ಲೇನು ನೋಡ್ತಿ?" ಅಂತ. "ಬರೇ ನೋಡಾಕ ಹೋಗ್ತೀನಿ" ಅನ್ನುತ್ತಿದ್ದರು.

ಒಂದೊಂದು ಸೊನ್ನೆಯನ್ನೂ ಬರೆಯಿರಿ. ದುಂಡಗೆ ಬರೆಯಿರಿ.

ಶಬಾನಾ


ಶ್ರೀ
ಬಳ್ಳಾರಿ
19 ಫೆಬ್ರವರಿ 2024

ಚಿ. ಸೌ. ಶಬಾನಾಗ ವೆಂಕೂಬಾಯಿಯ ಆಶೀರ್ವಾದ.

ನಾನು ನಿಮ್ಮ ಸರ್ ಮನಿಯವರು. ನನಗ ನಿಮ್ಮಂಗ ಬರೀಲಿಕ್ಕೆ ಬರಂಗಿಲ್ಲ, ಮಾತಾಡಿದಂಗ ಬರದೀನಿ. ಇವರಿಗೆ ತಿಳೀದಂಗ ಹಾಕ್ಲಿಕತ್ತೀನಿ.

ಬೆಳಿಗ್ಗೆ ಪೂಜಾ ಮುಗಿಸಿ ಬರೀಲಿಕ್ಕೆ ಕೂತರ ಮಧ್ಯಾಹ್ನ ಊಟಕ್ಕ ಕರದರೂ ಏಳಂಗಿಲ್ಲ. ಬೆರಳು ಬಾತಾವ. ನಾ ಬರದು ಕೊಡ್ತೀನಿ ಅಂದ್ರ ಒಲ್ಲೆ ಅಂತಾರ, ಅಕಿಗೆ ನನ್ನ ಅಕ್ಷರ ಗೊತ್ತದ ಅಂತಾರ. ಮೊದಲು ನಿನ್ನ ಬೈಕೋತ ಬರೀತಿದ್ರು. ಈಗ ಬೈಯಂಗಿಲ್ಲ. ಬರ್ಕೋತ ಒಮ್ಮೊಮ್ಮೆ ನಿಂತು ನನ್ನ ಕರದು ಓದಿ ಹೇಳ್ತಾರ, ಈ ದಿನ ಶೇಕ್ಷಾವಲಿಗೆ ಜ್ವರ ಇತ್ತಂತ, ಆದರೂ ಅಳದಾನಂತ.

ನೀ ಮಾಡಿದ್ದು ತಪ್ಪು ಅನ್ನಂಗಿಲ್ಲವಾ. ಅವತ್ತು ನೀರು ಹಂಚಿಸಿದಾಗ ನಾನೂ ಅಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ಅದು ನನಗ ಚುಚ್ಚತದ. ಆದರ ವಯಸ್ಸಾಗೇದ ಅವರಿಗೆ. ಆಗೋಷ್ಟು ಆತು ಅಂತ ಅನಿಸಿದರ ಒಂದು ಕಾರ್ಡು ಹಾಕು.

ವೆಂಕೂಬಾಯಿ


ಸಿರುಗುಪ್ಪ
27 ಫೆಬ್ರವರಿ 2024

ವೆಂಕೂಬಾಯಿ ಅಮ್ಮನವರಿಗೆ,

ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಪ್ಪ ಬಿಟ್ಟರೆ ಬೇರೆ ಯಾರೂ ನನ್ನನ್ನು ಹೀಗೆ ಮಾತಿನ ಕೊನೆಗೆ 'ವಾ' ಸೇರಿಸಿ ಮಾತಾಡಿಸಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ಸರ್‌ಗೆ ಬೆರಳಿಗೆ ಬಿಸಿನೀರಿನ ಶಾಖ ಕೊಡಿ. ಅವಸರ ಇಲ್ಲ, ನಿಧಾನಕ್ಕೆ ಬರೆಯಲಿ. ಬರೆಯುವುದು ಬೇಡ ಎಂದು ಮಾತ್ರ ನನ್ನಿಂದ ಹೇಳಲಾಗದು. ಪ್ರಯತ್ನಿಸಿದೆ. ಬರಲಿಲ್ಲ.

ನಿಮ್ಮ ಮಗಳಂಥವಳು,
ಶಬಾನಾ


ಶ್ರೀ
ಬಳ್ಳಾರಿ
24 ಮೇ 2024

ಚಿ. ಶಬಾನಾಳಿಗೆ,

ಮುಗಿಯಿತು. ಹದಿನಾಲ್ಕು ವಹಿ, ಒಟ್ಟು ಐದು ಸಾವಿರದ ನೂರ ಹನ್ನೆರಡು ದಿನ. ಪಾರ್ಸೆಲ್ಲನ್ನು ನಾನೇ ಪೋಸ್ಟಾಫೀಸಿಗೆ ಹೊತ್ತು ತಂದೆ.

2017ರ ಸೆಪ್ಟೆಂಬರಿನ ಒಂದು ದಿನ ನನ್ನ ಕೈ ನಿಂತಿತು. ಷರಾದಲ್ಲಿ ಹೀಗಿತ್ತು: 'ಗುಲ್ಜಾರಬೀ ಬೆಳಗಿನ ನಮಾಜಿನ ಹೊತ್ತಿಗೆ ಹೋದಳು.' ಪಕ್ಕದಲ್ಲಿ 7.5. ನಿನ್ನ ತಾಯಿಯನ್ನು ಒಳಗೆ ಮಲಗಿಸಿ, ಅವನು ಹೊರಗೆ ಬಂದು ಮಳೆ ಅಳೆದಿದ್ದಾನೆ. ಆ ಏಳೂವರೆ ನನ್ನ ಪುಸ್ತಕದ ನಕ್ಷೆಯಲ್ಲಿ ಒಂದು ಚುಕ್ಕೆ. ಷರಾ ಕತ್ತರಿಸಿದವನು ನಾನಾದ್ದರಿಂದ ನನಗೆ ಅದು ಬರೀ ಚುಕ್ಕೆಯಾಗಿತ್ತು. ಮೊನ್ನೆ 15.0 ಎಂದು ಬರೆದು, ಎದ್ದು ಹೋಗಿ ಮುಖ ತೊಳೆದುಕೊಂಡೆ.

ಥರ್ಮಾಮೀಟರ್ ಎಂದು ಬರೆದಿದ್ದೆನಲ್ಲ. ಆ ಸಾಲನ್ನು ವಾಪಸು ತೆಗೆದುಕೊಳ್ಳಲು ಬರುವ ಹಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ. ಹಳೆಯ ಪುಸ್ತಕವನ್ನು ಅಂಗಡಿಗಳಿಂದ ವಾಪಸು ತರಿಸಿದ್ದೇನೆ. ಇನ್ನು ಮುದ್ರಣವಾದರೆ ಈ ವಹಿಗಳೇ ಆಗಬೇಕು, ಅವನ ಹೆಸರಿನಲ್ಲಿ. ಕೊನೆಯ ಪುಟದಲ್ಲಿ 'ತಪ್ಪು ಗಾಜು ತಂದವನು: ರಾಘವೇಂದ್ರ' ಎಂದು ಬರೆದಿದ್ದೇನೆ. ಅದು ನೀನು ಹೇಳದೆ ನಾನಾಗಿ ಬರೆದದ್ದು.

ಈಗಲಾದರೂ ನಿನ್ನ ಮನಸ್ಸು ತಣ್ಣಗಾಯಿತೇ?

ರಾಘವೇಂದ್ರ


ಕುರುಗೋಡು
9 ಜೂನ್ 2024

ರಾಘವೇಂದ್ರ ಸರ್ ಅವರಿಗೆ,

ನಮಸ್ಕಾರ. ರಜೆ ಮುಗಿಯುವ ಮುನ್ನ ಇಲ್ಲಿಯೇ ಕುಳಿತು ನಿಮ್ಮ ಹದಿನಾಲ್ಕು ವಹಿಗಳನ್ನು ಅಪ್ಪನ ವಹಿಗಳ ಪಕ್ಕ ಇಟ್ಟು, ದಿನಕ್ಕೆ ದಿನ ತಾಳೆ ನೋಡಿದೆ. ವಾರವೇ ಹಿಡಿಯಿತು. ನಿಮ್ಮ ಸೊನ್ನೆಗಳು ದುಂಡಗಿವೆ. ಗುಣಾಕಾರದಲ್ಲಿ ಒಂದೂ ತಪ್ಪಿಲ್ಲ. ಅವ್ವನ ದಿನದ ಸಾಲಿನಲ್ಲಿ ಶಾಯಿ ಸ್ವಲ್ಪ ಹರಡಿದೆ. ಅದನ್ನು ನಾನು ನೋಡಿದೆ.

ಹೊಸ ಗಾಜು ತರಿಸಿದ್ದೇವೆ, ನೂರರದು. ಶುಕ್ರವಾರ ಬೆಳಿಗ್ಗೆ ಅಪ್ಪ ಅದರಲ್ಲಿ ಮೊದಲ ಮಳೆ ಅಳೆದರು. ಹದಿನೆಂಟು ಮಿಲಿಮೀಟರು. ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, "ನೋಡವಾ, ಜಡೆಪ್ಪನ ಬಕೀಟು ಸುಳ್ಳು ಹೇಳಿದ್ದಿಲ್ಲ" ಅಂದರು.

ಮನಸ್ಸು ತಣ್ಣಗಾಯಿತೇ ಎಂದು ಕೇಳಿದ್ದೀರಿ. ಆಗುತ್ತ ಬಂದಿತ್ತು.

ನೀವು ಬರೆದದ್ದು ಐದು ಸಾವಿರದ ನೂರ ಹನ್ನೆರಡು. ಅಪ್ಪನವು ಐದು ಸಾವಿರದ ನೂರ ಹದಿಮೂರು. ಯಾವುದು ಹೋಯಿತೆಂದು ಹುಡುಕಿದೆ. 2016ರ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ನೀವು ಇಪ್ಪತ್ತೆಂಟು ಸೊನ್ನೆ ಬರೆದು ಮಾರ್ಚಿಗೆ ಹೋಗಿದ್ದೀರಿ.

ಅಪ್ಪನಿಗೆ ತೋರಿಸಿದೆ. "ಸಾಕ್ ಬಿಡವಾ. ಅಷ್ಟೆಲ್ಲಾ ಬರದಾರ. ಒಂದ್ ದಿನ ಹೋದ್ರ ಏನಾತು, ಅದೂ ಮಳಿ ಇಲ್ಲದ ದಿನ" ಅಂದರು.

"ಆ ದಿನ ನೀ ಎದ್ದು ಹೋಗಿ ನೋಡಿದ್ದಿ ಹೌದಲ್ಲೋ?" ಎಂದು ಕೇಳಿದೆ. ವಹಿಯನ್ನು ನನ್ನ ಕಡೆಗೆ ಸರಿಸಿದರು.

ಆಮೇಲೆ ಷರಾ ಓದಿದೆ. ನೀವು ಬಿಟ್ಟ ದಿನದಲ್ಲಿ ಏನಿತ್ತೆಂದು ನೀವೂ ತಿಳಿಯಿರಿ ಎಂದು ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ:

'29 ಫೆಬ್ರವರಿ 2016, ಸೋಮವಾರ. ಮಳಿ 0.0. ಶಬಾನಾಗ ಟೀಚರ್ ಆರ್ಡರ್ ಬಂತು. ಎಲ್ಲಾ ರಾಘವೇಂದ್ರ ಸರ್ ಕಲಿಸಿದ್ದಕ್ಕ. ಅವರ ಹೆಸರು ಇಲ್ಲಿ ಬರದು ಇಟ್ಟೀನಿ.'

ಹದಿನಾಲ್ಕು ವರ್ಷದಲ್ಲಿ ನಿಮ್ಮ ಹೆಸರನ್ನು ಅಪ್ಪ ಪೂರ್ತಿಯಾಗಿ ಬರೆದದ್ದು ಅದೊಂದೇ ದಿನ.

ಆ ಪುಟವನ್ನು ಮೊದಲಿನಿಂದ ಬರೆದು ಕಳಿಸಿ. ಮೂಲೆಯಲ್ಲಿ ತುರುಕಬೇಡಿ. ಇಪ್ಪತ್ತೊಂಬತ್ತೂ ಸೊನ್ನೆ ಬೇಕು, ಅಪ್ಪ ಬರೆದ ಹೆಸರೂ ಬೇಕು.

ಇಂತಿ,
ಶಬಾನಾ
ಶೇಕ್ಷಾವಲಿಯವರ ಮಗಳು